ಕಾಕು ಎದ್ದು ನಿಲ್ಲದ ರವಿವಾರ

ಮೊನ್ನೆ ಸೊಸೆ ಸೀರೆಗೆ ಗಂಜಿ ಹಾಕುತ್ತಿದ್ದಳು. ಆ ಬಿಸಿ ಗಂಜಿಯ ವಾಸನೆಗೆ ಕಾಕು ನೆನಪಾದಳು... ಸೋಲಾಪುರದ ನಮ್ಮ ಚಾಳಿನ ಸಾಲುಮನೆಗಳಲ್ಲಿ ಪಕ್ಕದ ಮನೆಯವಳು, ನಮ್ಮ ಪಾದ್ರಿಯ ಹೆಂಡತಿ; ಚಿಕ್ಕಮ್ಮ ಎಂಬಂತೆ ಎಲ್ಲರೂ ಅವಳನ್ನು ಕಾಕು ಎನ್ನುತ್ತಿದ್ದೆವು. ಚರ್ಚಿನಲ್ಲಿ ಪ್ರಭುಭೋಜನದ ಮೇಜಿನ ಬಿಳಿ ಬಟ್ಟೆಗೆ ಗಂಜಿ ಹಾಕುವುದು ಅವಳ ಕೆಲಸವಾಗಿತ್ತು.

ಐವತ್ತರ ದಶಕ. ನಾನು ಮದುವೆಯಾಗಿ ಆ ಚಾಳಿಗೆ ಬರುವ ಹೊತ್ತಿಗೆ ಕಾಕು ಮಿಲ್ಲಿನ ನೇಕಾರನೊಬ್ಬನ ಜೊತೆ ಹೋಗಿ, ಅವನು ಕೈಬಿಟ್ಟ ಮೇಲೆ ತಿರುಗಿ ಬಂದಿದ್ದಳು. ಪಾದ್ರಿ ಬಾಗಿಲು ಮುಚ್ಚಲಿಲ್ಲ. ‘ಕೃಪಾ ಅಂದ್ರ ಇದು ನೋಡ್ರಿ’ ಎಂದು ಸಭೆಯೆಲ್ಲ ಅವರನ್ನು ಹೊಗಳಿತು.

ಆದರೆ ಪ್ರತಿ ರವಿವಾರ ಚರ್ಚಿನಲ್ಲಿ ಅವರು ಅವಳನ್ನು ಎದ್ದು ನಿಲ್ಲಿಸುತ್ತಿದ್ದರು. ತನ್ನ ಯಾವ ಪಾಪವನ್ನು ದೇವರು ಕ್ಷಮಿಸಿದ ಎಂಬುದನ್ನು ಅವಳು ಬಾಯಿಬಿಟ್ಟು ಹೇಳಬೇಕು. ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಹೇಳುತ್ತಿದ್ದಳು. ಗಂಡಸರು ಕತ್ತು ಹೊರಳಿಸಿ ನೋಡುತ್ತಿದ್ದರು...

ಒಂದು ಬೇಸಿಗೆಯಲ್ಲಿ ಪಾದ್ರಿ ಅಕ್ಕಲಕೋಟೆ ಕಡೆಯ ಹಳ್ಳಿಗಳಿಗೆ ಸುವಾರ್ತೆ ಸಾರಲು ಹೊರಟರು. ಕಾಕು, ನಾವು ಕೆಲವರು ಜೊತೆಗಿದ್ದೆವು. ಹನ್ನೂರಿಗೂ ಹೋದೆವು; ಅದು ಕಾಕುವಿನ ತವರು. ಬೇವಿನ ಗಿಡದ ಕೆಳಗೆ ಜನ ಕೂಡಿದ್ದರು. ಮುಂದೆಯೇ ಅವಳ ತಾಯಿ ಕೂತಿದ್ದಳು. ಮಗಳು ಗಂಡನನ್ನು ಬಿಟ್ಟು ಹೋಗಿದ್ದ ಸುದ್ದಿ ಆ ಮುದುಕಿಗೆ ಗೊತ್ತಿರಲಿಲ್ಲ.

‘ಇಲ್ಲಿ ಬ್ಯಾಡ್ರಿ. ನಿಮ್ಮ ಕಾಲ ಬೀಳ್ತೀನಿ,’ ಎಂದು ಕಾಕು ಪಿಸುಗುಟ್ಟಿದಳು.

‘ಹೇಳು. ನಿನ್ನ ನಾಚಿಕಿಗಿಂತ ದೇವರ ಮಹಿಮಾ ದೊಡ್ಡದು,’ ಎಂದರು ಪಾದ್ರಿ.

ಅವಳು ಹೇಳಿದಳು. ಮಾತು ಮುಗಿಯುವ ಮೊದಲೇ ತಾಯಿ ಎದ್ದು, ಸೀರೆಯ ಮಣ್ಣು ಜಾಡಿಸಿಕೊಂಡು, ತಿರುಗಿ ನೋಡದೆ ಹೋಗಿಬಿಟ್ಟಳು.

ಮುಂದಿನ ರವಿವಾರ ಕಾಕು ಏಳಲಿಲ್ಲ. ‘ದೇವರು ಕ್ಷಮಿಸಿ ಮರ್ತ ಬಿಟ್ಟಾನ. ನೀವಷ್ಟ ಮರಿವಲ್ರಿ,’ ಎಂದಳು, ಕೂತಲ್ಲಿಂದಲೇ.

ಪಾದ್ರಿ ಬೈಬಲ್ ಮುಚ್ಚಿದರು. ‘ಪವಿತ್ರ ನಡತಿ ಇಲ್ಲದಾಕಿಗೆ ಕೃಪಾ ದಕ್ಕಂಗಿಲ್ಲ,’ ಎಂದರು. ಅಂದಿನಿಂದ ಪ್ರಭುಭೋಜನದ ರೊಟ್ಟಿ, ದ್ರಾಕ್ಷಾರಸದ ಬಟ್ಟಲು ಅವಳನ್ನು ದಾಟಿ ಪಕ್ಕದವರಿಗೆ ಹೋಗತೊಡಗಿದವು. ಚರ್ಚಿಗೆ ಬರುವುದನ್ನು ಮಾತ್ರ ಅವಳು ಬಿಡಲಿಲ್ಲ.

ಆಮೇಲೆ ಅವಳಿಗೆ ಕ್ಷಯವಾಯಿತು. ಕೊನೆಯ ದಿನ ಅವಳ ತಲೆ ನನ್ನ ತೊಡೆಯ ಮೇಲಿತ್ತು. ಪ್ರಭುಭೋಜನದ ರೊಟ್ಟಿಯ ಚೂರಿಗಾಗಿ ಗಂಡನತ್ತ ಕೈ ಚಾಚಿದಳು.

‘ಮೊದ್ಲು ತಪ್ಪು ಒಪ್ಪಿಕೊ,’ ಎಂದರು ಅವರು. ನಿಜವಾಗಿಯೂ ಅಳುತ್ತಿದ್ದರು.

‘ಒಪ್ಪಿ ಒಪ್ಪಿ ಸಾಕಾಗೇದ,’ ಎಂದು ಕಾಕು ಕೈ ಹಿಂದಕ್ಕೆಳೆದುಕೊಂಡಳು...

ಮಣ್ಣು ಕೊಡುವಾಗ ಪಾದ್ರಿ ಕೃಪೆಯ ಬಗ್ಗೆಯೇ ಮಾತಾಡಿದರು. ಚೆನ್ನಾಗಿ ಮಾತಾಡಿದರು ಎಂದರು ಎಲ್ಲರೂ.

ಕೆಲವು ವರ್ಷಗಳ ಹಿಂದೆ ಹನ್ನೂರಿಗೆ ಹೋದಾಗ ಕಾಕುವಿನ ಅಣ್ಣನ ಮಗನನ್ನು ಕಂಡು, ಅವನ ಅತ್ತೆಯ ಮಾತು ತೆಗೆದೆ.

‘ಅಂಥಾಕಿ ನಮ್ಮ ಮನ್ಯಾಗ ಯಾರೂ ಇದ್ದಿಲ್ರಿ ಆಜಿ,’ ಎಂದ. ‘ಚಾ ತಗೋರಿ.’

ಕಾಕು ಇದ್ದಳು ಎನ್ನಲು ಈಗ ನಾನೊಬ್ಬಳೇ ಉಳಿದಿದ್ದೇನೆ.