ಕೊಕ್ಕರೆಯ ಕಣ್ಣು

ಹಯಾಲಿಯಾ ಊರಿನ ಕಾಲುವೆಗಳಲ್ಲಿ ಹೊರಗಿನವರನ್ನು ದೋಣಿಗೆ ಹತ್ತಿಸಿಕೊಂಡು ಮೀನು ತೋರಿಸುವವರು ಹತ್ತಾರು ಜನ ಇದ್ದರು. ಆದರೆ ಗಾರ್ಸಾ ಅನ್ನಿಸಿಕೊಂಡವನು ಒಬ್ಬನೇ. ಗಾರ್ಸಾ ಅಂದರೆ ಕೊಕ್ಕರೆ. ನಿಜವಾದ ಹೆಸರು ಆರ್ಸೇನಿಯೊ. ನೀರಡಿಯಲ್ಲಿ ಅಲ್ಲಾಡದೆ ನಿಂತ ಮೀನನ್ನೂ ನಲವತ್ತು ಹೆಜ್ಜೆ ದೂರದಿಂದ ಕಂಡುಹಿಡೀತಾನೆ, ಗಂಡು ಯಾವುದು ಹೆಣ್ಣು ಯಾವುದು ಅಂತಲೂ ಹೇಳ್ತಾನೆ ಅಂತ ಗಾಳದ ಅಂಗಡಿಯ ಫೇಫಾ ಬಂದವರಿಗೆಲ್ಲ ಕಾಫಿ ಕೊಡುತ್ತಾ ಕತೆ ಹೇಳುತ್ತಿದ್ದಳು.

ಅದೆಲ್ಲ ಬುರುಡೆ. ಆರ್ಸೇನಿಯೊಗೆ ಮೀನು ಕಾಣುತ್ತಲೇ ಇರಲಿಲ್ಲ. ಹವಾನಾದಲ್ಲಿ ಬಸ್ಸು ಓಡಿಸಿಕೊಂಡಿದ್ದವನು, ಇಲ್ಲಿಗೆ ಬಂದು ಹಾಸಿಗೆ ಕಾರ್ಖಾನೆಯಲ್ಲಿ ಎಂಟು ವರ್ಷ ಹೊಲಿಗೆ ಹಾಕಿದವನು. ನೀರೊಳಗೆ ಹಳೇ ಬೂಟು ಬಿದ್ದಿದ್ದರೆ ಅದನ್ನೇ ಮೀನು ಅನ್ನುತ್ತಿದ್ದ. ಮೀನು ಕಾಣುತ್ತಿದ್ದದ್ದು ಅವನ ಹೆಂಡತಿ ಸೊರಾಯ್ದಾಗೆ.

ಅವಳೂ ಹವಾನಾದ ದೇಶದವಳೇ, ಅಲ್ಲಿನ ಸಪಾತಾ ಜೌಗಿನ ಮಗಳು. ಅಪ್ಪ ಇದ್ದಿಲು ಸುಡುತ್ತಿದ್ದ. ಆರು ವರ್ಷದವಳಿದ್ದಾಗಲೇ ಅವನ ದೋಣಿಯ ಮೂತಿಯಲ್ಲಿ ಹೊಟ್ಟೆ ಮೇಲೆ ಮಲಗಿ, ಕಂದು ನೀರಿನೊಳಗೆ ಆಮೆ ಎಲ್ಲಿದೆ, ಉದ್ದಮೂತಿ ಮೀನು ಎಲ್ಲಿದೆ ಅಂತ ಕೈ ತೋರಿಸುತ್ತಿದ್ದಳು. ತಪ್ಪಿದರೆ ಅವತ್ತು ರಾತ್ರಿ ಬರೀ ಗೆಣಸು. ಹಾಗೆ ಕಲಿತ ಕಣ್ಣು ಅದು. ಮೇಲಿನ ಹೊಳಪನ್ನು ದಾಟಿಕೊಂಡು ಒಳಗೆ ಹೋಗಿ ಕೂರುತ್ತಿತ್ತು.

ಹಯಾಲಿಯಾದ ಮೀನಿಗೆ ಪಾವೋನ್ ಅಂತಾರೆ, ಅಂದರೆ ನವಿಲು. ಮೈ ಬಂಗಾರ ಕಲೆಸಿದ ಹಸಿರು, ಬಾಲದ ಬುಡದಲ್ಲಿ ನವಿಲುಗರಿಯ ಹಾಗೆ ಒಂದು ಕಪ್ಪು ಬೊಟ್ಟು. ಇದೂ ಇಲ್ಲಿಯದಲ್ಲ. ದಕ್ಷಿಣದ ದೊಡ್ಡ ನದಿಯಿಂದ ಸರ್ಕಾರದವರೇ ತಂದು ಬಿಟ್ಟಿದ್ದು. ಈ ಊರಲ್ಲಿ ಯಾರು ತಾನೇ ಇಲ್ಲಿಯವರು? ಮನೆಗಳ ಹಿತ್ತಲಿಗೆ ತಾಗಿ ಕಾಲುವೆ, ಕಾಲುವೆಗೆ ಸಿಮೆಂಟಿನ ಗೋಡೆ, ಗೋಡೆಯ ಮೇಲೆ ಬಿಸಿಲು ಕಾಯುವ ಹಸಿರು ಓತಿ, ನೀರಲ್ಲಿ ಅಂಗಡಿಯಿಂದ ಯಾರೋ ತಂದು ನೂಕಿದ ಸಾಮಾನಿನ ತಳ್ಳುಗಾಡಿ. ಅಲ್ಲೇ ಈ ಮೀನು ಜೋಡಿಜೋಡಿಯಾಗಿ ಸಂಸಾರ ಹೂಡುತ್ತದೆ. ತಳದ ಕೆಸರನ್ನು ಬಾಲದಿಂದ ಗುಡಿಸಿ ತಟ್ಟೆಯಷ್ಟು ಜಾಗ ಬಿಳುಪು ಮಾಡಿ, ಮೊಟ್ಟೆಯಿಟ್ಟು, ಗಂಡ ಹೆಂಡತಿ ಇಬ್ಬರೂ ಕಾವಲು ನಿಲ್ಲುತ್ತಾರೆ. ಉತ್ತರದ ಚಳಿ ಊರುಗಳಿಂದ ವಿಮಾನ ಹತ್ತಿ ಬರುವವರಿಗೆ ಆ ಜೋಡಿಯನ್ನು ತೋರಿಸಬೇಕು. ಹಿಡಿದು, ಫೋಟೋ ತೆಗೆಸಿಕೊಂಡು, ನೀರಿಗೆ ಬಿಡಬೇಕು. ಹಿಡಿದ ಜಾಗದಲ್ಲೇ ಬಿಡಬೇಕು, ತಡಮಾಡಿದರೆ ಬೇರೆ ಮೀನು ಬಂದು ಮರಿ ತಿಂದುಬಿಡುತ್ತವೆ. ಈ ವಿಷಯದಲ್ಲಿ ಸೊರಾಯ್ದಾ ಬಲು ಕಟ್ಟುನಿಟ್ಟು.

ದೋಣಿಯಲ್ಲಿ ಮುಂದೆ ಗಾಳದ ಕೋಲು ಹಿಡಿದ ಗಿರಾಕಿ, ಹಿಂದೆ ಉದ್ದ ಕೋಲು ಊರಿ ತಳ್ಳುವ ಆರ್ಸೇನಿಯೊ, ನಡುವೆ ಕಾಫಿ ಫ್ಲಾಸ್ಕು, ಪೇರಲೆ ಹಣ್ಣಿನ ಸಿಹಿ ಪಫ್ಸಿನ ಡಬ್ಬಿ ಹಿಡಿದು ಸೊರಾಯ್ದಾ. ಅವಳು ಗೊಣಗಿದ ಹಾಗೆ ಸ್ಪ್ಯಾನಿಷಿನಲ್ಲಿ ಹೇಳುತ್ತಿದ್ದಳು: “ಹತ್ತು ಗಂಟೆ, ಮಾವಿನ ನೆರಳಲ್ಲಿ ಎರಡಿವೆ, ಬಲಗಡೆಯದು ದೊಡ್ಡದು, ನಿಧಾನ ತಳ್ಳೋ ಮಾರಾಯ.” ದೋಣಿಯ ಮೂತಿ ಹನ್ನೆರಡು ಗಂಟೆ ಅನ್ನುವುದು ಅವರ ಲೆಕ್ಕ. ಆರ್ಸೇನಿಯೊ ಕಪ್ಪು ಕನ್ನಡಕ ಸರಿಮಾಡಿಕೊಂಡು, ಒಂದು ಗಳಿಗೆ ನೀರನ್ನು ದಿಟ್ಟಿಸಿದಂತೆ ಮಾಡಿ, ಇಂಗ್ಲಿಷಿನಲ್ಲಿ ಅದನ್ನೇ ಹೇಳುತ್ತಿದ್ದ. ಮೀನು ಬೀಳುತ್ತಿತ್ತು. ಗಿರಾಕಿಗಳು ಬಾಯಿ ಬಿಡುತ್ತಿದ್ದರು. ಪಾಪ ಇವನಿಗೆ ಹೆಂಡತಿಯ ಕಿರಿಕಿರಿ ಬಹಳ, ಆದರೂ ಎಂಥ ಕಣ್ಣು ಅಂದುಕೊಳ್ಳುತ್ತಿದ್ದರು.

ಮೊದಮೊದಲು ಸೊರಾಯ್ದಾಗೂ ಇದು ತಮಾಷೆಯೇ. ಮನೆಗೆ ಬಂದು ಇಬ್ಬರೂ ಹೊಟ್ಟೆ ಹಿಡಿದು ನಗುತ್ತಿದ್ದರು. ಕೊಕ್ಕರೆ ಅನ್ನುವ ಹೆಸರು ಅಂಟಿದ ಮೇಲೆ ಅವನ ನಗು ಕಡಿಮೆಯಾಯಿತು. ಆಮೇಲೆ ಅವನೇ ಅದನ್ನು ನಂಬಿದ. ಗಂಡಸಿಗೆ ಹೊಗಳಿಕೆ ಹತ್ತು ವರ್ಷ ಎರೆದರೆ ಇನ್ನೇನಾಗುತ್ತದೆ? ಅವಳ ಮನಸ್ಸಿಗೆ ಚುಚ್ಚತೊಡಗಿದ್ದು ಆಗ.

ಆ ವರ್ಷ ಏಪ್ರಿಲ್‌ನಲ್ಲಿ, ಅನ್ನಕ್ಕೆ ಕಪ್ಪು ಬೀನ್ಸ್ ಬಡಿಸುತ್ತಾ ಅವಳು ಅಂದಳು, “ಈ ಸಲ ಪ್ರೂಯಿಟ್‌ಗೆ ಹೇಳು.”

ಪ್ರೂಯಿಟ್ ಒಹಾಯೊ ಕಡೆಯ ನಿವೃತ್ತ ಮೇಷ್ಟ್ರು. ಹನ್ನೆರಡು ವರ್ಷದಿಂದ ಪ್ರತಿ ಮೇ ತಿಂಗಳಲ್ಲಿ ಮೂರು ದಿನ ತಪ್ಪದೆ ಬರುವವನು.

“ಏನಂತ ಹೇಳಲಿ?”

“ಏನಂತ ನಿನಗೆ ಗೊತ್ತಿಲ್ವಾ? ಮೀನು ನೋಡೋದು ನಾನಲ್ಲ, ಇವಳು ಅಂತ.”

“ಈಗ್ಯಾಕೆ ಅದು? ನಮ್ಮಿಬ್ಬರಲ್ಲಿ ನಿಂದು ನಂದು ಅಂತ ಇದೆಯೇನೇ ಮುದುಕಿ?”

“ಇಲ್ಲ ಅಂದಮೇಲೆ ಹೇಳೋಕೇನು ನೋವು? ಊರಿಗೆಲ್ಲ ಡಂಗುರ ಹೊಡಿ ಅಂದ್ನಾ? ಒಬ್ಬನಿಗೆ ಹೇಳು. ಒಬ್ಬನಿಗೆ ಗೊತ್ತಿದ್ದರೆ ಸಾಕು ನಂಗೆ.”

ಅವನು ತುತ್ತು ನುಂಗಿ, “ಆಯ್ತು, ಕೊನೇ ದಿನ ಹೇಳ್ತೀನಿ,” ಅಂದ. ಅವಳು ಅವನ ತಟ್ಟೆಗೆ ಇನ್ನೊಂದು ಸೌಟು ಹಾಕಿದಳು. ಸೌಟು ತಟ್ಟೆಯ ಅಂಚಿಗೆ ಬಡಿದು ಸ್ವಲ್ಪ ಮೇಜಿಗೆ ಚೆಲ್ಲಿತು. ಅವನು ಗಮನಿಸಲಿಲ್ಲ.

ಅವಳ ಕಣ್ಣು ಹೋಗುತ್ತಿತ್ತು. ಸಕ್ಕರೆ ಕಾಯಿಲೆ ಹಳೆಯದು. ಕಣ್ಣಿನ ಡಾಕ್ಟರು ಎರಡು ವರ್ಷದಿಂದ ಬಾ ಬಾ ಅಂತಲೇ ಇದ್ದರು. ಅವರು ಕೊಟ್ಟ ದಿನವೇ ದೋಣಿಗೆ ಗಿರಾಕಿ ಇರುತ್ತಿದ್ದರು, ಅವಳಿಲ್ಲದೆ ದೋಣಿ ಹೊರಡುವ ಹಾಗಿಲ್ಲವಲ್ಲ. ಮುಂದೂಡಿ ಮುಂದೂಡಿ ಜನವರಿಯಲ್ಲಿ ಒಬ್ಬಳೇ ಬಸ್ಸು ಹತ್ತಿ ಹೋದಾಗ ಡಾಕ್ಟರು ಉಹೂಂ ಅಂತ ತಲೆ ಆಡಿಸಿದರು. ಕಣ್ಣಿನ ಹಿಂದೆ ರಕ್ತ ಸೋರಿ ಸೋರಿ ಕೆಟ್ಟಿದೆ, ಇರುವಷ್ಟನ್ನೂ ಉಳಿಸುವ ಭರವಸೆ ಕೊಡಲಾರೆ ಅಂದರು. ಅವಳು ಬಸ್‌ಸ್ಟಾಪಿನಲ್ಲಿ ಕೂತು ಅತ್ತಳು. ಮನೆಗೆ ಬರುವ ಹೊತ್ತಿಗೆ ಮುಖ ತೊಳೆದುಕೊಂಡಿದ್ದಳು.

ಗಂಡನಿಗೆ ಹೇಳಲಿಲ್ಲ. ಹೇಳಿದ್ದರೆ ಅವನು ಮಾರನೇ ದಿನವೇ ಊರಿಗೆಲ್ಲ ಸಾರುತ್ತಿದ್ದ, ಅದೂ ಅವಳಿಗೆ ಗೊತ್ತಿತ್ತು. ಕುರುಡಿ ಪಾಪ ಅಂತ ಆಡಿದ ಮಾತು ಅವಳಿಗೆ ಬೇಕಿರಲಿಲ್ಲ. ಕಣ್ಣು ಇದ್ದಾಗಲೇ, ಇದೆ ಅಂತ ಅವನು ತಿಳಿದಿರುವಾಗಲೇ, ಒಂದು ಸಲ ಅವನ ಬಾಯಿಂದ ಬರಬೇಕು. ಮೇ ತಿಂಗಳಲ್ಲಿ ಪ್ರೂಯಿಟ್‌ನ ಕೊನೇ ದಿನದವರೆಗೆ ಹೇಗಾದರೂ ತಳ್ಳಿದರೆ ಸಾಕಿತ್ತು.

ತಳ್ಳಿದಳು. ಅದು ಹೇಗೆ ಅಂತೀರಾ? ಇಪ್ಪತ್ತು ಮೈಲಿ ಕಾಲುವೆಯ ಪ್ರತಿ ಹಿತ್ತಲೂ, ವರ್ಷ ವರ್ಷವೂ ಯಾವ ಜೋಡಿ ಎಲ್ಲಿ ಬಂದು ನಿಲ್ಲುತ್ತದೆ ಅನ್ನುವುದೂ ಅವಳ ತಲೆಯಲ್ಲಿತ್ತು. ಹುಂಜ ಸಾಕಿದ ನಿಕರಾಗುವಾದವನ ಮನೆಯ ಕೊಳವೆ ಬಾಯಲ್ಲಿ ಒಂದು ಜೋಡಿ. ಮೇರಿಮಾತೆಯ ಪುಟ್ಟ ಗುಡಿ ಇರುವ ಹಿತ್ತಲಿನಿಂದ ನೀರಿಗಿಳಿಯುವ ಮೂರನೇ ಮೆಟ್ಟಿಲ ಹತ್ತಿರ ಇನ್ನೊಂದು. ಸೇತುವೆ ಕೆಳಗೆ ನೀರು ತಣ್ಣಗಾಗುವ ಕಡೆ ಒಂಟಿ ಮುದಿ ಗಂಡು. ಹುಂಜ ಕೂಗಿದ್ದು ಕೇಳಿ, ಮಾವಿನ ಹೂವಿನ ವಾಸನೆ ಹಿಡಿದು, ಕೆನ್ನೆಗೆ ನೆರಳಿನ ತಂಪು ತಾಗಿದ್ದು ತಿಳಿದು ದೋಣಿ ಎಲ್ಲಿದೆ ಅಂತ ಲೆಕ್ಕ ಹಾಕಿ, “ಒಂಬತ್ತು ಗಂಟೆ, ಕೊಳವೆ ಬಾಯಲ್ಲಿ,” ಅನ್ನುತ್ತಿದ್ದಳು. ಮೀನು ಅಲ್ಲಿರುತ್ತಿತ್ತು. ಕಣ್ಣಿಗೆ ಉಳಿದದ್ದು ಬರೀ ಬಿಳುಪು ಕಪ್ಪು. ಆರ್ಸೇನಿಯೊಗೆ ಒಂದಿಷ್ಟೂ ಸುಳಿವು ಹತ್ತಲಿಲ್ಲ.

ಪ್ರೂಯಿಟ್ ಬಂದ. ಮೊದಲ ದಿನ ಹನ್ನೊಂದು ಮೀನು, ಎರಡನೇ ದಿನ ಒಂಬತ್ತು. “ನಿನ್ನ ಕಣ್ಣನ್ನು ವಿಮೆ ಮಾಡಿಸಬೇಕು ಕಣಯ್ಯ,” ಅಂದ ಆರ್ಸೇನಿಯೊಗೆ.

ಮೂರನೇ ದಿನ ಬೆಳಿಗ್ಗೆ ಸೊರಾಯ್ದಾ ಕೂದಲು ಬಾಚಿ ಹೊಸ ಟೋಪಿ ಹಾಕಿಕೊಂಡಿದ್ದಳು. ಹತ್ತು ಗಂಟೆ ಸುಮಾರಿಗೆ ದೋಣಿ ಗುಲಾಬಿ ಬಣ್ಣದ ಮನೆಯ ಹಿತ್ತಲಿಗೆ ಬಂತು. ಅಲ್ಲಿನ ಕಬ್ಬಿಣದ ಏಣಿಯ ಪಕ್ಕ ಒಂದು ದೊಡ್ಡ ಜೋಡಿ ಮೊಟ್ಟೆಯಿಟ್ಟು ಐದು ದಿನವಾಗಿತ್ತು. ಹಿಂದಿನ ಗಿರಾಕಿಯ ಗಾಳಕ್ಕೆ ಅಲ್ಲಿ ಮೀನು ಬಿದ್ದ ದಿನದಿಂದ ಅವಳೇ ಲೆಕ್ಕ ಇಟ್ಟಿದ್ದಳು. ಈಗ ನೀರಿಗೆ ಬಗ್ಗಿದರೆ ಏಣಿಯ ಪಕ್ಕ ಬೆಳ್ಳಗೆ ಏನೋ ಇತ್ತು. ಮೀನು ಗುಡಿಸಿದ ಜಾಗ ಹಾಗೇ ಬೆಳ್ಳಗಿರುತ್ತದೆ. ಅವಳಿಗೆ ಎದೆ ತುಂಬಿ ಬಂತು. ಇದು ಕಣ್ಣಿನಿಂದಲೇ ಕಂಡಿದ್ದು, ನೆನಪಿನಿಂದಲ್ಲ.

“ಹನ್ನೊಂದು ಗಂಟೆ, ಏಣಿ ಪಕ್ಕ. ಇಬ್ಬರೂ ಇದ್ದಾರೆ. ದೊಡ್ಡದು ಕಣೋ, ಈ ವರ್ಷಕ್ಕೇ ದೊಡ್ಡದು.”

ಆರ್ಸೇನಿಯೊ ಅದನ್ನೇ ಹೇಳಿದ. ಪ್ರೂಯಿಟ್ ಗಾಳ ಎಸೆದ. ಏನೂ ಇಲ್ಲ. ನಾಲ್ಕನೇ ಸಲ ಎಸೆದಾಗ ಕೋಲು ಬಿಲ್ಲಿನ ಹಾಗೆ ಬಾಗಿತು. ಪ್ರೂಯಿಟ್ ಕಾಲು ಊರಿ ಗಾಳದ ದಾರ ಸುತ್ತತೊಡಗಿದ, “ಭಾರ ಇದೆ, ಬಹಳ ಭಾರ ಇದೆ,” ಅಂತ ಉಸಿರು ಬಿಡುತ್ತಾ. ಸೊರಾಯ್ದಾ ಎರಡೂ ಕೈಯಲ್ಲಿ ಡಬ್ಬಿಯನ್ನು ಅವುಚಿಕೊಂಡಳು.

ನೀರು ಬಗೆದುಕೊಂಡು ಮೇಲೆ ಬಂದದ್ದು ಒಂದು ಬಿಳಿ ಪ್ಲಾಸ್ಟಿಕ್ ಕುರ್ಚಿ.

ಯಾರೋ ಪಾರ್ಟಿ ಮಾಡಿ ಬೀಳಿಸಿದ್ದು. ಮೀನಿನ ಜೋಡಿ ಆ ಗಲಾಟೆಗೆ ಆಗಲೇ ಜಾಗ ಬಿಟ್ಟಿತ್ತು. ಪ್ರೂಯಿಟ್ ಕುರ್ಚಿಯಿಂದ ಸುರಿಯುವ ನೀರು ನೋಡಿಕೊಂಡು ಬಿದ್ದು ಬಿದ್ದು ನಕ್ಕ. ಕೆಟ್ಟ ನಗು ಅಲ್ಲ ಅದು. “ಕೊಕ್ಕರೆ, ಏನಿದು? ಇಬ್ಬರೂ ಇದ್ದಾರೆ ಅಂದ್ಯಲ್ಲ, ಕೂತವರು ಎದ್ದು ಹೋದ್ರಾ?”

ಆರ್ಸೇನಿಯೊ ಕೆಂಪಾದ. ಆಮೇಲೆ ಅವನೂ ನಕ್ಕ, ಜೋರಾಗಿ. “ನಾನಲ್ಲ ಸ್ವಾಮಿ, ಇವಳು. ಹೆಂಡತಿ ಹೇಳಿದ್ಲು ಅಲ್ಲಿ ಮೀನಿದೆ ಅಂತ. ಹೆಂಡತಿ ಮಾತು ಕೇಳಿದ್ರೆ ಇದೇ ಗತಿ ನೋಡಿ.”

ಸೊರಾಯ್ದಾಗೆ ಇಂಗ್ಲಿಷ್ ಅಷ್ಟಕ್ಕಷ್ಟೇ. ಆದರೆ ಹೆಂಡತಿ, ಹೇಳಿದ್ಲು, ಮೀನು, ಇಷ್ಟು ಗೊತ್ತಾಗದಷ್ಟು ಕಡಿಮೆಯಲ್ಲ. ಇಷ್ಟು ವರ್ಷದ ಸಾವಿರಾರು ಮೀನು ಅವನದಾಯಿತು. ಕುರ್ಚಿ ಒಂದು ಅವಳದಾಯಿತು. ಪ್ರೂಯಿಟ್ ಅವಳ ಕಡೆ ತಿರುಗಿ ಸಮಾಧಾನ ಮಾಡುವ ದನಿಯಲ್ಲಿ ಏನೋ ಅಂದ. ಅವಳು ಡಬ್ಬಿ ತೆಗೆದು ಅವನಿಗೆ ಪಫ್ಸ್ ಕೊಟ್ಟಳು. ಆಮೇಲೆ ದಡ ಸೇರುವವರೆಗೆ ಒಂದು ಗಂಟೆಯನ್ನೂ ಹೇಳಲಿಲ್ಲ. ಮೀನೂ ಬೀಳಲಿಲ್ಲ. ಪ್ರೂಯಿಟ್ ಕೈಕುಲುಕಿ ವಿಮಾನಕ್ಕೆ ಹೋದ.

ಮನೆಗೆ ಬಂದಮೇಲೆ ಆರ್ಸೇನಿಯೊ ರೇಗಿದ. “ಏನಾಗಿತ್ತು ನಿಂಗೆ? ಬೇಕಂತಲೇ ಮಾಡಿದ್ಯಾ? ನಾನು ಹೇಳೋನೇ ಇದ್ದೆ ಇವತ್ತು, ಎಲ್ಲಾ ಹಾಳು ಮಾಡಿದೆ.”

ಅವಳು ಬೀರುವಿನಿಂದ ಡಾಕ್ಟರ ಕಾಗದ ತಂದು ಮೇಜಿನ ಮೇಲಿಟ್ಟಳು. ಅವನು ನಿಂತೇ ಓದಿದ. ಆಮೇಲೆ ಕೂತು ಇನ್ನೊಮ್ಮೆ ಓದಿದ.

“ಇದು ಜನವರಿದು,” ಅಂದ.

“ಹ್ಞೂಂ.”

“ಹಾಗಾದ್ರೆ ಆಮೇಲಿನ ಮೀನೆಲ್ಲ?”

“ನೆನಪಿಂದ ಹೇಳಿದ್ದು.”

ಅವನು ಕಾಗದ ಮಡಚಿ ಮತ್ತೆ ಬಿಡಿಸಿದ. “ಹೇಳ್ಬಾರ್ದಿತ್ತೇನೇ?” ಅಂದ.

“ಅಯ್ಯೋ ಪಾಪ ಅಂತ ನೀನು ಪ್ರೂಯಿಟ್‌ಗೆ ಹೇಳೋದು ಬೇಡವಾಗಿತ್ತು. ಸುಮ್ನೆ ಹೇಳ್ತೀಯೇನೋ ಅಂತ ಕಾದೆ.”

ಜುಲೈ ಹೊತ್ತಿಗೆ ಅವಳಿಗೆ ಬಿಳುಪು ಕಪ್ಪೂ ಹೋಯಿತು. ಆರ್ಸೇನಿಯೊ ಒಬ್ಬನೇ ದೋಣಿ ತೆಗೆದುಕೊಂಡು ಹೋದ. ಬೆಳಗಿಂದ ಮಧ್ಯಾಹ್ನದವರೆಗೆ ಕೋಲು ಊರಿ ಕತ್ತು ನೋಯಿಸಿಕೊಂಡರೂ ಗಿರಾಕಿಗಳು ಬರಿಗೈಯಲ್ಲಿ ಹೋದರು. ಅವಳು ಹೇಳಿಕೊಟ್ಟು ಕಳಿಸುತ್ತಿದ್ದಳು, ಅಲ್ಲಿ ನೋಡು ಇಲ್ಲಿ ನೋಡು ಅಂತ. ಅಷ್ಟರಲ್ಲಿ ಮರಿಗಳನ್ನು ಕರೆದುಕೊಂಡು ಜೋಡಿಗಳೆಲ್ಲ ಜಾಗ ಬದಲಿಸಿದ್ದವು. ನೆನಪೂ ಹಳೆಯದಾಯಿತು.

ಆಗಸ್ಟ್‌ನ ಒಂದು ಬೆಳಿಗ್ಗೆ ಇಬ್ಬರೂ ಫೇಫಾಳ ಅಂಗಡಿಗೆ ಹೋದರು. ಅಲ್ಲಿ ಇನ್ನೂ ನಾಲ್ಕೈದು ದೋಣಿಯವರು ಕಾಫಿ ಕುಡಿಯುತ್ತಾ ನಿಂತಿದ್ದರು. ಫೇಫಾ ಹೊರಬಂದು ಸೊರಾಯ್ದಾಳನ್ನು ತಬ್ಬಿಕೊಂಡಳು.

“ಪುಣ್ಯ ಮಾಡಿದ್ದೆ ಕಣೇ ನೀನು,” ಅಂದಳು ಕಣ್ಣೊರೆಸಿಕೊಂಡು. “ಇಂಥ ಗಂಡ ಯಾರಿಗೆ ಸಿಕ್ತಾನೆ? ನಿನ್ನ ಕಣ್ಣು ಹೋದ ದುಃಖಕ್ಕೆ ಅವನಿಗೂ ಮೀನು ಕಾಣ್ತಿಲ್ಲ. ನಾವೆಲ್ಲ ಇದನ್ನೇ ಮಾತಾಡ್ತಿದ್ವಿ. ಅಂಥ ಕೊಕ್ಕರೆ ಕಣ್ಣು, ಪ್ರೀತಿಗೆ ಹೀಗಾಯ್ತು ನೋಡು.”

ನಿಂತವರು ಹೌದು ಹೌದು ಅಂದರು. ಸೊರಾಯ್ದಾ ಗಂಡನ ಉಸಿರು ಬರುತ್ತಿದ್ದ ಕಡೆಗೆ ಮುಖ ತಿರುಗಿಸಿದಳು. ಎಲ್ಲರೂ ಇದ್ದರು ಅಲ್ಲಿ. ನಾಲ್ಕು ಮಾತು ಸಾಕಿತ್ತು. ಅವಳು ಕಾದಳು. ಅವನು ಗಂಟಲು ಸರಿಮಾಡಿಕೊಂಡದ್ದು ಕೇಳಿಸಿತು.

“ಗಾಳದ ಮರಿಮೀನು ಎರಡು ಡಜನ್ ಕೊಡು ಫೇಫಾ,” ಅಂದ ಆರ್ಸೇನಿಯೊ. “ಹೊತ್ತಾಯ್ತು.”

ಯಾರಾದರೂ ಏನಾದರೂ ಹೇಳಬೇಕಿತ್ತಲ್ಲ. ಸೊರಾಯ್ದಾಳೇ ಫೇಫಾಳ ಕೈ ತಟ್ಟಿ, “ಹೌದು ಕಣೇ,” ಅಂದಳು. “ಅವನ ಕೈಲಿ ತಡಕೊಳ್ಳೋಕಾಗ್ತಿಲ್ಲ, ಪಾಪ.”

ಗಾಡಿ ಎರಡು ಸಿಗ್ನಲ್ ದಾಟಿರಲಿಲ್ಲ, ಅವನು ರಸ್ತೆ ಪಕ್ಕ ನಿಲ್ಲಿಸಿ ಸ್ಟೀರಿಂಗಿಗೆ ಹಣೆಯಿಟ್ಟು ಮಗುವಿನ ಹಾಗೆ ಅತ್ತ. “ನೀನೇ ಕಣೇ ನೋಡ್ತಿದ್ದಿದ್ದು,” ಅಂದ. “ಒಂದೊಂದು ಮೀನೂ ನೀನೇ. ನಂಗೇನೂ ಕಾಣ್ತಿರಲಿಲ್ಲ. ಎಲ್ಲಾ ನೀನೇ.”

ಅವಳಿಗೂ ಅಳು ಬಂತು. ಅವನ ಬೆನ್ನ ಮೇಲೆ ಕೈಯಿಟ್ಟು, ಅಳು ನಿಲ್ಲುವವರೆಗೆ ಸವರಿದಳು.

“ಇದನ್ನ ನಂಗೆ ಹೇಳಿ ಏನು ಬಂತೋ?” ಅಂದಳು. “ನಂಗೆ ಗೊತ್ತಿಲ್ವಾ?”