ಮುಂದಿನ ಸೀಟಿನ ಮೇಡಂ

ಮೇಡಂ ತಮ್ಮ ಬೆಳ್ಳನೆಯ ತುರುಬಿಗೆ ಲಾಡ್ಜಿನಲ್ಲಿ ಸ್ನಾನಕ್ಕೆ ಕೊಡುವ ಪ್ಲಾಸ್ಟಿಕ್ ಟೋಪಿ ಹಾಕಿಕೊಂಡಿದ್ದರು. ಕಾರವಾರದ ಕಡಲಿನಲ್ಲಿ, ಇಬ್ಬರು ಕೂರುವ ಕಯಾಕ್ ದೋಣಿಯ ಹಿಂದಿನ ಸೀಟಿನಲ್ಲಿದ್ದ ನನಗೆ ದ್ವೀಪಗಳಿಗಿಂತ ಹೆಚ್ಚು ಕಂಡದ್ದು ಆ ಟೋಪಿಯೇ. ಗಾಳಿ ತುಂಬಿದಾಗೆಲ್ಲ ಪೂರಿಯ ಹಾಗೆ ಉಬ್ಬುತ್ತಿತ್ತು.

ಹೈಸ್ಕೂಲಿನಲ್ಲಿ ಅವರು ಭೂಗೋಳ ಹೇಳಿಕೊಟ್ಟರು. ಹಿನಕಲ್ಲಿನಿಂದ ಸೈಕಲ್ಲು ತುಳಿದು ಬರುತ್ತಿದ್ದ ನಾನು ಅಣಕಿಸೋದು ಕಲಿತೆ. ಒಮ್ಮೆ ಅವರನ್ನೇ ಅಣಕಿಸುತ್ತಿದ್ದೆ, ನೋಡಿದರೆ ಬಾಗಿಲಲ್ಲಿ ನಿಂತಿದ್ದಾರೆ.

"ಕತ್ತು ಇನ್ನೊಂಚೂರು ಎಡಕ್ಕೆ ಕಣೋ. ನಾನು ಹಾಗೆ ನೋಡಲ್ಲ," ಅಂದರು. ತಿದ್ದಿಕೊಂಡೆ. "ಈಗ ಸರಿ" ಎಂದು ಪಾಠ ಶುರು ಮಾಡಿದರು.

ವರ್ಷಗಟ್ಟಲೆ ಬೋರ್ಡಿನ ಮೇಲೆ ದ್ವೀಪ ಬರೆದವರು, ರಿಟೈರಾದ ಮೇಲೆ ಊರಾಚೆಯ ಕೆರೆಯಲ್ಲಿ ಕಯಾಕ್ ಕಲಿತರು. ನನ್ನನ್ನೂ ಎಳೆದುಕೊಂಡು ಹೋದರು. ಕೊನೆಗೆ, "ಸೀಮೆಸುಣ್ಣದ ದ್ವೀಪ ಸಾಕು. ನಿಜವಾದ್ದು ನೋಡ್ಬೇಕು, ಹೊರಡು," ಅಂದರು.

ಬೆಳಗಿನ ಮಂಜಿನಲ್ಲಿ ದ್ವೀಪಗಳು ನೀರಿಗೆ ತಾಗದೆ ತೂಗುತ್ತಿದ್ದವು. ನಾವು ಅವುಗಳ ಕಡೆ ಹೋಗುತ್ತಿದ್ದೇವೋ, ಅವೇ ನಮ್ಮ ಕಡೆ ತೇಲಿ ಬರುತ್ತಿವೆಯೋ ತಿಳಿಯುತ್ತಿರಲಿಲ್ಲ. ಮೊದಲ ದ್ವೀಪದಲ್ಲಿ ಟೆಂಟು ಹಾಕಿ, ಕಾವೇರಿ ದಡದ ಅಭ್ಯಾಸದಲ್ಲಿ ಕಾಲಬುಡದ ನೀರನ್ನೇ ಮೊಗೆದು ಕಾಫಿಗೆ ಇಟ್ಟುಬಿಟ್ಟೆ. ಮೇಡಂ ಒಂದು ಗುಟುಕು ಕುಡಿದು ದಿಗಂತ ನೋಡಿದರು.

"ನಮ್ಮಜ್ಜ ಅರಮನೇಲಿ ಕಾಫಿ ಕುಡಿದೋರು ಕಣೋ. ಉಪ್ಪು ಮಾತ್ರ ಅಲ್ಲೂ ಹಾಕ್ತಿರಲಿಲ್ಲ."

ಮರುದಿನ ಎರಡು ದ್ವೀಪಗಳ ನಡುವೆ ಇದ್ದಾಗ ಗಾಳಿ ಎದ್ದಿತು. ಅಲೆಗಳು ಪಕ್ಕದಿಂದ ಹೊಡೆಯತೊಡಗಿದವು. ನಮ್ಮ ಜೊತೆ ಬಂದಿದ್ದ ಗೈಡಿನ ದೋಣಿ ದೂರದಲ್ಲಿ ಚುಕ್ಕಿಯಾಗಿತ್ತು. ಅಲ್ಲಿಯವರೆಗೆ ಗೈಡಿನ ದನಿ ಅಣಕಿಸಿ ಹರಟುತ್ತಿದ್ದ ನನ್ನ ಬಾಯಿ ಬಂದಾಯಿತು. ನನ್ನ ಹುಟ್ಟು ಅವರ ಹುಟ್ಟಿಗೆ ಬಡಿಯಿತು, ಕಯಾಕು ವಾಲಿತು.

"ಭಯ ಆಯ್ತೇನೋ?" ಅವರು ತಿರುಗಲಿಲ್ಲ.

"ಇಲ್ಲ ಮೇಡಂ, ಚಳಿ."

"ಈ ಬಿಸಿಲಲ್ಲಾ? ನೀರು ನೋಡ್ಬೇಡ. ನನ್ನ ಬೆನ್ನು ನೋಡು. ಕ್ಲಾಸಲ್ಲಿ ಮಾಡ್ತಿದ್ದ್ಯಲ್ಲ, ಹಾಗೇ ಅಣಕಿಸು."

ಅದೊಂದು ನನಗೆ ಬರುತ್ತದೆ. ಅವರ ಭುಜ ಏರಿದರೆ ನನ್ನದೂ ಏರಿತು, ಅವರು ಬಾಗಿದರೆ ನಾನೂ ಬಾಗಿದೆ. ಅವರ ಮುಲುಕನ್ನೂ ಬಿಡಲಿಲ್ಲ. ಎರಡು ಹುಟ್ಟುಗಳು ಒಟ್ಟಿಗೆ ನೀರಿಗೆ ಬಿದ್ದಾಗ ಕಯಾಕು ನೆಟ್ಟಗಾಯಿತು. ಆಮೇಲೆ ಕಡಲು, ಆಕಾಶ, ನಾನು ಎಲ್ಲ ಕರಗಿಹೋಗಿ ಒಂದು ಬೆನ್ನು ಮಾತ್ರ ಉಳಿಯಿತು. ಎಷ್ಟು ಹೊತ್ತೋ. ಕೆಳಗೆ ಮರಳು ಉಜ್ಜಿದಾಗ ನಿದ್ದೆಯಿಂದ ಎದ್ದಂತಾಯಿತು.

ದಡದಲ್ಲಿ ಮೇಡಂಗೆ ನೀರಿನ ಬಾಟಲಿಯ ಮುಚ್ಚಳ ತೆಗೆಯಲಾಗಲಿಲ್ಲ. ಎರಡು ಸಲ ತಿರುಗಿಸಿ ನೋಡಿ ನನ್ನ ಕಡೆ ಚಾಚಿದರು.

"ನಿಮಗೂ ಚಳಿಯಾ ಮೇಡಂ?"

"ಹೂಂ ಕಣೋ. ನಿನ್ನ ಹುಟ್ಟಿನ ಸದ್ದು ಹಿಂದಿಂದ ಸರಿಯಾಗಿ ಬರ್ತಿತ್ತು. ಅದನ್ನ ಕೇಳ್ಕೊಂಡು ಹೆಂಗೋ ಹುಟ್ಟು ಹಾಕ್ದೆ."

ಕಳೆದ ವರ್ಷ ಮೇಡಂ ತೀರಿಕೊಂಡರು. ಹಳೇ ಗೆಳೆಯರು ಸಿಕ್ಕಾಗ ಅವರ ದನಿ ಮಾಡು ಅನ್ನುತ್ತಾರೆ. ಮಾಡುತ್ತೇನೆ, ನಗುತ್ತಾರೆ. ಅವರ ಬೆನ್ನು ಮಾಡಿ ತೋರಿಸೋಕೆ ನೀರು ಬೇಕು.

ಈಗ ಭಾನುವಾರಗಳಲ್ಲಿ ಅದೇ ಕೆರೆಯಲ್ಲಿ ಹೊಸಬರಿಗೆ ಕಲಿಸುತ್ತೇನೆ. ಮೊನ್ನೆ ಇಲವಾಲದಿಂದ ಬಂದಿದ್ದ ಗಿರಿಜಾ ಮೀಸೆಯ ಅಂಕಲ್ ಒಬ್ಬರು ನನ್ನ ಹಿಂದಿನ ಸೀಟಿನಲ್ಲಿ ಕೂತು, ನಡು ಕೆರೆಗೆ ಬರುತ್ತಲೇ ಸೆಟೆದುಕೊಂಡರು. "ವಾಪಸ್ ಹೋಗ್ಬುಡಾಣ ಕಣ್ರೀ," ಅಂದರು. ನನ್ನ ಎದೆಯೂ ಹೊಡೆದುಕೊಂಡಿತು. ಅವರ ತೂಕ ಅಂಥದ್ದು.

"ನನ್ನ ಬೆನ್ನು ನೋಡಿ ಸಾರ್. ಅಣಕಿಸಿ," ಅಂದೆ.

ಸ್ವಲ್ಪ ಹೊತ್ತಿಗೆ ಅವರ ಹುಟ್ಟು ನನ್ನದರ ಜೊತೆಗೇ ನೀರಿಗೆ ಬೀಳತೊಡಗಿತು. ಆ ಸದ್ದು ಕೇಳಿಕೊಂಡು ನಾನೂ ಹಾಕಿದೆ.