ಹಿಂದುಮುಂದಾದ ಲಾಕು

ಯಾದಗಿರಿ ಬಸ್‌ಸ್ಟ್ಯಾಂಡಿನಲ್ಲಿ ಶಹಾಪುರದ ಬಸ್ಸು ಹತ್ತಿದಾಗ ಆಕಾಶ ಕಪ್ಪಿಟ್ಟಿತ್ತು. ಮಳೆ ಹಿಡಿಯುವ ಮೊದಲೇ ಶಹಾಪುರದ ಗ್ಯಾರೇಜಿನಿಂದ ನನ್ನ ಜೀಪು ಬಿಡಿಸಿಕೊಂಡು ತಿಂಥಣಿ ಕಡೆಯ ಅಕ್ಕನ ಮನೆ ಮುಟ್ಟಬೇಕಿತ್ತು. ಹೆಂಗಸರಿಗೆ ಟಿಕೆಟ್ಟು ಪುಕ್ಕಟೆಯಾದ ಮೇಲೆ ಸೀಟಿಗೆ ಜಗಳವಾಡಿಯೇ ಕೂರಬೇಕು. ಜಗಳದಲ್ಲಿ ನಾನೇನು ಕಡಿಮೆಯವಳಲ್ಲ, ಕಿಟಕಿಯ ಸೀಟೇ ಸಿಕ್ಕಿತು. ಯಾದಗಿರಿಯಲ್ಲಿ ಡ್ರೈವಿಂಗ್ ಕಲಿಸುವುದು ನನ್ನ ಹೊಟ್ಟೆಪಾಡು. ಇನ್ನೊಬ್ಬರು ಓಡಿಸುವ ಗಾಡಿಯಲ್ಲಿ ಸುಮ್ಮನೆ ಕೂರುವುದೆಂದರೆ ನನಗೆ ಶಿಕ್ಷೆ. ಭೀಮಾ ಸೇತುವೆ ದಾಟುವವರೆಗೂ ನನ್ನ ಬಲಗಾಲು ಇಲ್ಲದ ಬ್ರೇಕನ್ನು ಒತ್ತುತ್ತಲೇ ಇತ್ತು.

ಅವಸರಕ್ಕೆ ಕಾರಣ ನನ್ನ ಅಕ್ಕ ಶಾಂತಾ. ಆಕೆಯ ಮೂತ್ರಪಿಂಡ ಎರಡೂ ಕೈಕೊಟ್ಟಿವೆ. ವಾರಕ್ಕೆರಡು ಸಲ ಸುರಪುರದ ದವಾಖಾನೆಗೆ ಹೋಗಿ ಮಷೀನಿನ ಪಕ್ಕ ಮಲಗಿ ರಕ್ತ ಶುದ್ಧ ಮಾಡಿಸಿಕೊಳ್ಳಬೇಕು. ಒಂದು ಪಾಳಿ ತಪ್ಪಿದರೆ ಮೈ ಬಾತುಕೊಳ್ಳುತ್ತದೆ, ಎರಡು ತಪ್ಪಿದರೆ ಉಸಿರು ಸಿಕ್ಕುವುದಿಲ್ಲ. ಆಕೆಯ ಮನೆ ಹೊಲದಲ್ಲೇ ಇದೆ, ಕಾಲುವೆ ಏರಿಯ ಕೆಳಗೆ. ಇಷ್ಟು ದಿನ ನೆರೆಮನೆಯವರ ಟ್ರ್ಯಾಕ್ಟರು ಆಕೆಯನ್ನು ಡಾಂಬರು ರಸ್ತೆಗೆ ಮುಟ್ಟಿಸುತ್ತಿತ್ತು. ಅಲ್ಲಿಂದ ಟಂಟಂ ಆಟೋ ಹಿಡಿದು ಬರುತ್ತಿದ್ದಳು, ನಾನು ದವಾಖಾನೆಯ ಬಾಗಿಲಲ್ಲಿ ಕಾದಿರುತ್ತಿದ್ದೆ. ಈಗ ಭತ್ತದ ನಾಟಿ ಶುರುವಾಗಿ ಟ್ರ್ಯಾಕ್ಟರಿಗೆ ಕೆಸರು ತುಳಿಯುವ ಕಬ್ಬಿಣದ ಚಕ್ರ ಹಾಕಿದ್ದರು. ಅದು ರಸ್ತೆಗೆ ಬರುವಂತಿರಲಿಲ್ಲ. ಹೋದ ಪಾಳಿ ಹಾಗೇ ತಪ್ಪಿತ್ತು.

ಆಕೆಯ ಗಂಡ ಬಸವರಾಜ ಮಾವ ಒಂದು ಸಲವೂ ದವಾಖಾನೆಗೆ ಜೊತೆಯಲ್ಲಿ ಬಂದವರಲ್ಲ. ಕೇಳಿದರೆ ನೀರಿನ ಪಾಳಿ ಐತಿ ಎಂದು ಒಂದೇ ಮಾತು. ಕಾಲುವೆ ನೀರು ಯಾರ ಹೊಲಕ್ಕೆ ಯಾವಾಗ ಎಂಬ ಸರದಿ ಅದು. ಹೆಂಡತಿಗೂ ಒಂದು ಪಾಳಿ ಇದೆ ಎನ್ನುವುದು ಆ ಮನುಷ್ಯನಿಗೆ ತಿಳಿಯಬಾರದೇ ಎಂದು ದಾರಿಯುದ್ದಕ್ಕೂ ಮನಸ್ಸಿನಲ್ಲೇ ಬೈಯುತ್ತಿದ್ದೆ.

ಶಹಾಪುರದಲ್ಲಿ ಇಳಿದಾಗ ಮಲಗಿದ ಬುದ್ಧನ ಬೆಟ್ಟ ಮೋಡದೊಳಗೆ ಅರ್ಧ ಮುಚ್ಚಿಹೋಗಿತ್ತು. ಹತ್ತಿ ಗಾಡಿಗಳ ಸಂದಿಯಲ್ಲಿ ನುಸುಳಿ ಮೌಲಾಸಾಬ್ ಮಿಸ್ತ್ರಿಯ ಗ್ಯಾರೇಜಿಗೆ ಹೋದೆ. ನನ್ನ ಹಳೆಯ ಜೀಪಿಗೆ ನಾಲ್ಕೂ ಚಕ್ರಕ್ಕೆ ಎಳೆತವಿದೆ. ಆದರೆ ಎರೆಮಣ್ಣಿನ ಕೆಸರಿನಲ್ಲಿ ಒಂದು ಚಕ್ರ ಜಾರಿತೆಂದರೆ ಇಂಜಿನ್ನಿನ ಬಲವೆಲ್ಲ ಅದಕ್ಕೇ ಹೋಗಿ ಅದೊಂದೇ ಗರಗರ ತಿರುಗುತ್ತದೆ, ಜೋಡಿಯ ಚಕ್ರ ಕೈಕಟ್ಟಿ ನಿಲ್ಲುತ್ತದೆ. ಜೋಡಿ ಚಕ್ರಗಳಿಗೆ ಬಲ ಹಂಚುವ ಡಿಫರೆನ್ಶಿಯಲ್ಲಿಗೆ ಲಾಕು ಕೂಡಿಸಿದರೆ ಎರಡೂ ಒಟ್ಟಿಗೇ ತಿರುಗಲೇಬೇಕು. ಮುಂದಿನ ಜೋಡಿಗೆ ಹಾಕಿಸಬೇಕೋ ಹಿಂದಿನ ಜೋಡಿಗೋ ಎನ್ನುವುದೇ ಪ್ರಶ್ನೆಯಾಗಿತ್ತು. ಎರಡಕ್ಕೂ ಹಾಕಿಸುವ ತಾಕತ್ತು ನನಗಿರಲಿಲ್ಲ.

ಮೊದಲ ಸಲ ಮಾತಾಡಿದಾಗ ಮಿಸ್ತ್ರಿ ಮುಂದಿನದಕ್ಕೆ ಹಾಕಿಸಿರಿ ಎಂದಿದ್ದ. ಕಾಲುವೆ ಏರಿಯ ರಸ್ತೆ ಒಂದು ಕಡೆ ವಾಲಿರುತ್ತದೆ, ಹಿಂದಿನ ಎರಡೂ ಚಕ್ರ ಕೂಡಿ ತಿರುಗಿದರೆ ಗಾಡಿಯ ಹಿಂಭಾಗ ಜಾರಿ ನೀರಿಗಿಳಿಯುತ್ತದೆ ಎನ್ನುವುದು ಅವನ ವಾದ. ನಾನೂ ಹೂಂ ಎಂದಿದ್ದೆ. ಮನೆಗೆ ಬಂದು ಯೋಚಿಸಿದಾಗ ಅಕ್ಕನ ಮನೆಯಿಂದ ಏರಿಗೆ ಹತ್ತುವ ಕಡಿದಾದ ದಾರಿ ಕಣ್ಣಮುಂದೆ ಬಂತು. ಏರು ಹತ್ತುವಾಗ ಗಾಡಿಯ ಭಾರವೆಲ್ಲ ಹಿಂದಿನ ಚಕ್ರಗಳ ಮೇಲೆ ಕೂರುತ್ತದೆ. ಭಾರ ಇದ್ದಲ್ಲೇ ಹಿಡಿತ, ಹಿಡಿತ ಇದ್ದಲ್ಲೇ ಲಾಕು ಬೇಕು. ಮರುದಿನವೇ ಫೋನು ಮಾಡಿ ಹಿಂದಿಂದ ಹಾಕ್ರಿ ಎಂದು ಹೇಳಿದ್ದೆ.

ಗಾಡಿಯ ಕೆಳಗೆ ಬಗ್ಗಿ ನೋಡಿದೆ. ಹೊಸ ವೈರು, ಹೊಸ ಪೈಪು, ಹೊಳೆಯುವ ಬೋಲ್ಟು ಎಲ್ಲವೂ ಮುಂದಿನ ಚಕ್ರಗಳ ನಡುವೆ ಇದ್ದವು. ಹಿಂದೆ ಹಳೆಯ ಗ್ರೀಸಿನ ಕೊಳೆ ಹಾಗೇ ಇತ್ತು. ಇದೇನು ಮಾಡಿದಿರಿ ಎಂದು ಕೇಳುವಷ್ಟರಲ್ಲಿ ನನ್ನ ದನಿ ಬೀದಿಗೆ ಕೇಳುವಷ್ಟು ಏರಿತ್ತು. ಮಿಸ್ತ್ರಿ ಕೈ ಒರೆಸಿಕೊಳ್ಳುತ್ತಾ ನನ್ನ ಮುಖವನ್ನೇ ನೋಡಿದ.

"ನೀವ ಅಂದ್ರೆಲ್ರಿ ಅಕ್ಕಾರ, ಹಿಂದಿಂದ ಹಾಕ್ರಿ ಅಂತ. ಹಿಂದ ಮಾತಾಡಿದ್ದು ಮುಂದಿಂದ ಅಲ್ಲೇನ್ರಿ? ಅದ ಹಾಕೀನಿ."

ಹಿಂದಿನದು ಎಂದರೆ ಹಿಂಭಾಗದ್ದೂ ಹೌದು, ಮೊದಲು ಆಡಿದ್ದೂ ಹೌದು. ನಾನು ಜಾಗ ಹೇಳಿದ್ದೆ, ಅವನು ಕಾಲ ತಿಳಿದಿದ್ದ. ಬೈಯಬೇಕೆಂದರೆ ಕನ್ನಡವನ್ನೇ ಬೈಯಬೇಕಿತ್ತು. ಬಿಚ್ಚಿ ಹಿಂದಕ್ಕೆ ಹಾಕೋಣವೆಂದರೆ ಅದಕ್ಕೆ ಬೇರೆಯೇ ಅಳತೆಯ ಸಾಮಾನು ತರಿಸಬೇಕು, ಅಕ್ಕನ ಪಾಳಿ ನಾಳೆಯೇ. ಪಕ್ಕದ ಬಂಡಿಯಿಂದ ಮಂಡಾಳ ಒಗ್ಗರಣೆ, ಮಿರ್ಚಿ ಭಜಿ ತರಿಸಿ ಮಿಸ್ತ್ರಿ ನನ್ನ ಸಿಟ್ಟು ಇಳಿಸಲು ನೋಡಿದ. ಸಿಟ್ಟಿನಲ್ಲೇ ಎಲ್ಲ ತಿಂದು ಜೀಪು ಹತ್ತಿದೆ.

ಸುರಪುರದ ದಾರಿ ಹಿಡಿದಾಗ ಹನಿ ಶುರುವಾಯಿತು. ಎಷ್ಟು ಸಲ ಓಡಾಡಿದರೂ ಆ ಹಸಿರು ನೋಡಿ ನನಗೆ ಪ್ರತಿಸಲ ದಿಗಿಲಾಗುತ್ತದೆ. ನಾವು ಚಿಕ್ಕವರಿದ್ದಾಗ ಈ ಕಡೆ ಕಣ್ಣು ಹಾಯಿಸಿದಷ್ಟೂ ಜೋಳ, ತೊಗರಿ, ಬಿರಿದ ಕಪ್ಪು ನೆಲ ಇರುತ್ತಿತ್ತು. ಈಗ ಹೊಲವೆಲ್ಲ ಕನ್ನಡಿಯಂತೆ ನೀರು ನಿಂತು ಹೆಂಗಸರು ಸಾಲಾಗಿ ಬಗ್ಗಿ ಸಸಿ ಊರುತ್ತಿದ್ದರು. ಸುರಪುರದ ಬಂಡೆಗುಡ್ಡಗಳನ್ನು ದಾಟಿದ ಮೇಲೆ ಮಳೆ ಜೋರಾಯಿತು. ತಿಂಥಣಿಗೆ ಹೋಗುವ ಭಕ್ತರ ಟೆಂಪೋವೊಂದರ ಹಿಂದೆ ಸ್ವಲ್ಪ ದೂರ ಹೋಗಿ, ಡಾಂಬರು ಬಿಟ್ಟು ಏರಿಯ ಮೇಲೆ ತಿರುಗಿದೆ. ಎಡಕ್ಕೆ ತುಂಬಿದ ಕಾಲುವೆ, ಬಲಕ್ಕೆ ಗದ್ದೆ, ನಡುವೆ ಒಂದು ಗಾಡಿಯ ಅಗಲದ ಎರೆಮಣ್ಣಿನ ದಾರಿ.

ಜೀಪು ಎಳೆಯಲಾರದೆ ತೊನೆದಾಗ ಹೊಸ ಲಾಕಿನ ಸ್ವಿಚ್ಚು ಒತ್ತಿದೆ. ಗಾಡಿ ಗಟ್ಟಿಯಾಗಿ ಮುಂದೆ ಹೋಯಿತು. ಪರವಾಗಿಲ್ಲವೇ ಎಂದುಕೊಳ್ಳುವಷ್ಟರಲ್ಲಿ ದಾರಿ ಬಲಕ್ಕೆ ತಿರುಗಿತು, ಗಾಡಿ ತಿರುಗಲಿಲ್ಲ. ಸ್ಟೀರಿಂಗಿಗೆ ಜೋತುಬಿದ್ದರೂ ಮುಂದಿನ ಎರಡೂ ಚಕ್ರ ಜೋಡೆತ್ತಿನಂತೆ ನೆಟ್ಟಗೆ ಕಾಲುವೆಯ ಕಡೆಗೇ ನಡೆದವು. ಬ್ರೇಕು ಒತ್ತಿದೆ. ಜಾರಿಕೊಂಡು ಹೋಗಿ ನಿಂತಾಗ ಬಾನೆಟ್ಟಿನ ಆಚೆ ನೆಲ ಕಾಣುತ್ತಿರಲಿಲ್ಲ, ಬರೀ ಕೆಂಪು ನೀರು. ಲಾಕು ಬಿಡಿಸಿ ಮೆಲ್ಲಗೆ ಹಿಂದೆ ಸರಿದು ತಿರುವು ದಾಟಿದೆ. ತಿರುವಿನಲ್ಲಿ ಇದನ್ನು ಮುಟ್ಟಬಾರದೆಂದು ಅಲ್ಲಿಯೇ ಕಲಿತೆ. ಅಕ್ಕನ ಮನೆಗಿಳಿಯುವ ದಾರಿಯಲ್ಲಿ ಗಾಡಿ ತಾನಾಗಿಯೇ ಇಳಿಯಿತು. ನಾಳೆ ಹತ್ತುವುದು ಹೇಗೆಂದು ಆಗಲೇ ಭಯವಾಯಿತು.

ಅಕ್ಕನನ್ನು ನೋಡಿ ಆ ಭಯವೂ ಮರೆತುಹೋಯಿತು. ಒಂದೇ ಪಾಳಿ ತಪ್ಪಿದ್ದಕ್ಕೆ ಮುಖ ಊದಿ ಕಣ್ಣು ಸಣ್ಣಗಾಗಿದ್ದವು. ಕಾಲು ಮುಟ್ಟಿದರೆ ಬೆರಳಿನ ಗುರುತು ಮೂಡುತ್ತಿತ್ತು. ನನಗೆ ಬಿಸಿ ರೊಟ್ಟಿ, ಶೇಂಗಾ ಹಿಂಡಿ ಬಡಿಸಿ ತಾನು ಸಣ್ಣ ಲೋಟವೊಂದನ್ನು ಹಿಡಿದು ಕೂತಳು. ದಿನಕ್ಕಿಷ್ಟೇ ಎಂದು ಡಾಕ್ಟರು ಹೇಳಿದ ನೀರು ಅದು.

"ನೀರು ನೋಡ್ಕೋತ ನೀರಡಿಸ್ತೀನಿ ನೋಡು ಲಲ್ಲಿ" ಎಂದು ನಕ್ಕಳು.

ಮಾವ ಸಂಜೆ ಸಲಿಕೆ ಹೊತ್ತು ಬಂದರು. ದಾರಿ ಹ್ಯಾಂಗಿತ್ತು ಎಂದು ಕೇಳಿ, ಉತ್ತರಕ್ಕೂ ಕಾಯದೆ ಎಮ್ಮೆಯ ಕಡೆ ಹೋದರು. ನಾಳೆ ನೀವೂ ಬರ್ರಿ ಎಂದೆ. ನೀರಿನ ಪಾಳಿ ಎಂದರು. ನಾನು ಬಾಯಿ ತೆರೆಯುವಷ್ಟರಲ್ಲಿ ಅಕ್ಕ ಕಣ್ಣಲ್ಲೇ ಬೇಡವೆಂದಳು. ಆಮೇಲೆ ಒಲೆಯ ಮುಂದೆ ಕೂತು ಮೆಲ್ಲಗೆ ಹೇಳಿದಳು, ತಾನು ಹೊರಟಾಗ ಅವರು ಬಾಗಿಲ ತನಕವೂ ಬರುವುದಿಲ್ಲವೇನೋ ಎಂದು. ನಿನಗೆ ಗೊತ್ತಿಲ್ಲವೇ ಎಂದರೆ, ತಾನಂತೂ ತಿರುಗಿ ನೋಡುವುದಿಲ್ಲ, ನೋಡಬಾರದು ಎಂದಳು. ದವಾಖಾನೆಗೆ ಹೊರಟವರು ಹೊಸ್ತಿಲು ದಾಟಿದ ಮೇಲೆ ಮನೆಯ ಕಡೆ ತಿರುಗಿ ನೋಡಿದರೆ ಮರಳಿ ಬರುವುದಿಲ್ಲ ಎಂದು ಅವಳ ಅತ್ತೆ ಕಲಿಸಿದ್ದಳಂತೆ. ಅತ್ತೆ ಹೋಗಿ ವರ್ಷಗಳಾದರೂ ಅಕ್ಕ ಆ ಪದ್ಧತಿ ಮುರಿದಿರಲಿಲ್ಲ.

ಬೆಳಿಗ್ಗೆ ಮಳೆ ನಿಂತಿತ್ತು, ಏರು ಮಾತ್ರ ನಾದಿದ ಹಿಟ್ಟಾಗಿತ್ತು. ಅಕ್ಕನನ್ನು ಮುಂದಿನ ಸೀಟಿನಲ್ಲಿ ಕೂರಿಸಿ ಲಾಕು ಹಾಕಿ ಹೊಡೆದೆ. ಅರ್ಧ ಹತ್ತಿದ ಮೇಲೆ ಗಾಡಿಯ ಮೂತಿ ಮೇಲೆದ್ದು ಭಾರವೆಲ್ಲ ಹಿಂದೆ ಕೂತಿತು. ಲಾಕಿದ್ದ ಮುಂದಿನ ಚಕ್ರಗಳು ಮಣ್ಣನ್ನು ಸವರಿದವು, ಹಿಂದೆ ಒಂದೇ ಒಂದು ಚಕ್ರ ಗರಗರ ತಿರುಗಿ ನೂಕಲೆಂದು ಹಿಂದೆ ನಿಂತಿದ್ದ ಮಾವನ ಮುಖಕ್ಕೆ ಕೆಸರು ಎರಚಿತು. ನಾನು ಹೆದರಿದ್ದೇ ಆಯಿತು. ಜಾರಿ ಕೆಳಗೆ ಬಂದೆವು. ಮಾವ ಚಕ್ರದಡಿಗೆ ಹುಲ್ಲು ಹಾಸಿದರು, ಹೆಗಲು ಕೊಟ್ಟು ನೂಕಿದರು, ಮತ್ತೆ ಜಾರಿತು. ಒಂದೊಂದು ಉಸಿರಿಗೂ ಅಕ್ಕನ ಭುಜ ಮೇಲೇಳುತ್ತಿತ್ತು.

ರಿವರ್ಸ್ ಗೇರಿಗೆ ಕೈಹಾಕಿ ಮತ್ತೊಮ್ಮೆ ಹಿಂದೆ ಸರಿಯುವಾಗ ತಲೆಗೆ ಹೊಳೆಯಿತು. ದಿನಾ ಹತ್ತು ಮಂದಿಗೆ ರಿವರ್ಸ್ ಕಲಿಸುವವಳು ನಾನು. ಗಾಡಿಯನ್ನೇ ತಿರುಗಿಸಿ ಹಿಂದಕ್ಕೆ ಹತ್ತಿಸಿದರೆ? ಆಗ ಇಳಿಜಾರಿನ ಕಡೆ ಇರುವುದು ಮುಂದಿನ ಚಕ್ರಗಳು, ಭಾರ ಕೂರುವುದು ಅವುಗಳ ಮೇಲೆ, ಲಾಕಿರುವುದೂ ಅಲ್ಲೇ! ಏರು ನೆಟ್ಟಗಿತ್ತು, ಸ್ಟೀರಿಂಗು ತಿರುಗಿಸುವ ಕೆಲಸವೇ ಇರಲಿಲ್ಲ. ಅಂಗಳದಲ್ಲಿ ಜೀಪು ತಿರುಗಿಸಿದೆ. ಮನೆಯ ಬಾಗಿಲು ನಮ್ಮೆದುರಿಗೆ ಬಂತು. ಅಕ್ಕ ಗಾಬರಿಯಿಂದ ಸೆರಗಿನಲ್ಲಿ ಕಣ್ಣು ಮುಚ್ಚಿಕೊಂಡಳು, ಹೀಗೆ ಮನೆ ನೋಡುತ್ತಾ ಹೋಗಬಾರದು ಎಂದಳು.

"ನೀ ಎಲ್ಲಿ ಹಿಂದ ನೋಡಾಕತ್ತೀ? ಮುಂದ ನೋಡು. ಮನಿನ ಮುಂದ ಬಂದ್ರ ನಾವೇನ ಮಾಡೋಣು?" ಎಂದೆ.

ಕತ್ತು ಹೊರಳಿಸಿ ಹಿಂದಿನ ಗಾಜಿನಲ್ಲಿ ದಾರಿ ನೋಡುತ್ತಾ ಕ್ಲಚ್ಚು ಬಿಟ್ಟೆ. ಜೀಪು ಒಮ್ಮೆ ನಡುಗಿ, ಹಲ್ಲು ಕಚ್ಚಿದ ಹಾಗೆ ನೆಲ ಕಚ್ಚಿ, ಹಿಂದಕ್ಕೆ ಹಿಂದಕ್ಕೆ ಏರತೊಡಗಿತು. ಅಕ್ಕನ ಕೈ ನನ್ನ ತೋಳನ್ನು ಹಿಡಿಯಿತು. ಹೆದರಿಕೆಯಿಂದ ಎಂದುಕೊಂಡೆ. ಆಕೆ ನಿಲ್ಸು ನಿಲ್ಸು ಎನ್ನುತ್ತಿದ್ದಳು. ಏರಿನ ನಡುವೆ ಹೇಗೆ ನಿಲ್ಲಿಸಲಿ? ಏರಿಯ ಮೇಲೆ ಹತ್ತಿ ನಿಂತ ಮೇಲೆಯೇ ನಾನು ಮುಂದೆ ತಿರುಗಿ ನೋಡಿದ್ದು.

ಮುಂದಿನ ಗಾಜಿಗೆ ಕೆಸರು ಮೆತ್ತಿತ್ತು, ವೈಪರ್ ಒಂದು ಅರೆಚಂದ್ರವನ್ನಷ್ಟೇ ಒರೆಸಿತ್ತು. ಅದರಲ್ಲಿ ಮಾವ ಕಂಡರು. ನಮಗೆ ಕಾಣುವುದಿಲ್ಲ ಎಂದುಕೊಂಡಿದ್ದರೋ ಏನೋ. ಬಾಗಿಲ ಕಂಬಕ್ಕೆ ಹಣೆ ಒತ್ತಿ, ಟವೆಲ್ಲನ್ನು ಬಾಯಿಗೆ ತುರುಕಿಕೊಂಡು ಅಳುತ್ತಿದ್ದರು. ಅಷ್ಟು ಎತ್ತರದ ಮನುಷ್ಯನ ಬೆನ್ನು ಅದುರುವುದು ಏರಿಯ ಮೇಲಿಂದಲೂ ಕಾಣುತ್ತಿತ್ತು. ಎಮ್ಮೆ ಹಗ್ಗ ಬಿಚ್ಚಿಕೊಂಡು ಅಂಗಳದಲ್ಲಿ ತಿರುಗುತ್ತಿತ್ತು, ಅದರ ಪರಿವೆಯೂ ಅವರಿಗಿರಲಿಲ್ಲ. ದಾರಿಯುದ್ದಕ್ಕೂ ಬೈದುಕೊಂಡು ಬಂದದ್ದು ಇದೇ ಮನುಷ್ಯನನ್ನೇ?

"ಪ್ರತಿ ಸಲ ಹಿಂಗ ಮಾಡ್ತಿದ್ರೇನ?" ಎಂದಳು ಅಕ್ಕ. ನನ್ನನ್ನು ಕೇಳಿದ್ದಲ್ಲ.

ಹೊತ್ತಿಗೆ ಸರಿಯಾಗಿ ಸುರಪುರ ಮುಟ್ಟಿದೆವು. ಪಾಳಿ ತಪ್ಪಲಿಲ್ಲ. ನರ್ಸು ಸೂಜಿ ಚುಚ್ಚಿದಾಗಲೂ ಅಕ್ಕ ಎಂದಿನಂತೆ ಮುಖ ಹಿಂಡಲಿಲ್ಲ, ಛಾವಣಿ ನೋಡುತ್ತಾ ಮಲಗಿದ್ದಳು. ಮಧ್ಯಾಹ್ನ ಮಿಸ್ತ್ರಿ ಫೋನು ಮಾಡಿದ, ಅವನ ಗಟ್ಟಿ ದನಿ ಅಕ್ಕನಿಗೂ ಕೇಳುತ್ತಿತ್ತು. ಹಿಂದಿನ ಚಕ್ರಕ್ಕೆ ಹೊಂದುವ ಲಾಕು ಸಿಕ್ಕಿದೆ, ಮುಂದಿನದು ಬಿಚ್ಚಿ ಅದನ್ನು ಹಾಕಿಕೊಡುತ್ತೇನೆ ಎಂದ. ನಾನು ಹೂಂ ಎನ್ನುವ ಮೊದಲೇ ಅಕ್ಕ ಮಲಗಿದಲ್ಲಿಂದಲೇ ಕೈ ಆಡಿಸಿ ಬೇಡವೆಂದಳು. ಇದ್ದದ್ದು ಇರಲಿ ಮಿಸ್ತ್ರಿ, ಬಿಚ್ಚುವುದು ಬೇಡ ಎಂದು ಬಿಡಿಸಿ ಬಿಡಿಸಿ ಹೇಳಿ ಫೋನಿಟ್ಟೆ.

ಸಂಜೆ ನಾವು ಏರು ಇಳಿದಾಗ ಮಾವ ಅಂಗಳದಲ್ಲಿ ನಿಂತಿದ್ದರು. ಅದೇ ಬಿಗಿದ ಮುಖ, ಹೆಗಲ ಮೇಲೆ ಅದೇ ಟವೆಲ್ಲು. ಬಂದ್ರ್ಯಾ ಎಂದಷ್ಟೇ ಕೇಳಿದರು. ಅಕ್ಕ ಇಳಿದು ನೇರ ಅವರೆದುರು ಹೋಗಿ ನಿಂತು, ಮುಂದಿನ ಪಾಳಿಗೆ ನೀವೂ ಬರ್ರಿ ಎಂದಳು. ನೀರಿನ ಪಾಳಿ ಎಂದು ಅವರು ಶುರುಮಾಡಿದರು.

"ನೀರು ಮಂದಿ ನೋಡ್ತಾರ. ನಿಮ್ಮ ಕಣ್ಣೀರು ಯಾರ ನೋಡ್ಬೇಕ್ರಿ?"

ಮಾವ ನನ್ನ ಕಡೆ ತಿರುಗಿ, ಏನು ಹೇಳಿದಿ ನೀನು ಎನ್ನುವಂತೆ ನೋಡಿದರು. ನಾನು ಏನೂ ಹೇಳಿಲ್ಲ ಮಾವ, ಗಾಡಿ ತೋರಿಸಿತು ಎಂದೆ. ಅವರು ಟವೆಲ್ಲು ತೆಗೆದು ಮುಖ ಒರೆಸಿಕೊಂಡರು, ಆಮೇಲೆ ಅದನ್ನು ಮುಖದಿಂದ ತೆಗೆಯಲೇ ಇಲ್ಲ. ಅಕ್ಕ ಅವರ ಮೊಣಕೈ ಹಿಡಿದು ಒಳಗೆ ಕರೆದುಕೊಂಡು ಹೋದಳು.

ಮರುದಿನ ನಾನು ಯಾದಗಿರಿಗೆ ಹೊರಟಾಗ ಬಿಸಿಲು ಬಿದ್ದು ಏರು ಗಟ್ಟಿಯಾಗಿತ್ತು. ಮುಂದಕ್ಕೇ ಹತ್ತಬಹುದಿತ್ತು. ಆದರೂ ಅಂಗಳದಲ್ಲಿ ಜೀಪು ತಿರುಗಿಸಿ ಹಿಂದಕ್ಕೇ ಹತ್ತಿಸಿದೆ. ಬಾಗಿಲಲ್ಲಿ ಇಬ್ಬರೂ ನಿಂತಿದ್ದರು, ಅಕ್ಕ ಸಣ್ಣ ಲೋಟ ಹಿಡಿದುಕೊಂಡು, ಮಾವ ಬರೀ ಕೈಯಲ್ಲಿ. ಏರಿಯ ಮೇಲೆ ಮುಟ್ಟಿದಾಗ ಮಾವ ಕೈ ಎತ್ತಿದರು. ನಾನು ಹಾರ್ನು ಬಾರಿಸಿ ಶಹಾಪುರದ ಕಡೆ ಗಾಡಿ ತಿರುಗಿಸಿದೆ.